ಮಾವ ಕೊಟ್ಟ ಗಟ್ಟಿ

ಸೋಮವಾರ ಬೆಳಿಗ್ಗೆ ಏಳೂವರೆಗೆ ಎರಕದ ಮೇಸ್ತ್ರಿ ಡೊಂಕೊರ್ ಕುಮಾಸಿ ನಗರದ ಗುಜರಿ ಪೇಟೆ ಸುಆಮೆಯ ಠಾಣೆಗೆ ಬಂದು ದೂರು ಕೊಟ್ಟ. ಹಿಂದಿನ ಸಂಜೆ ತನ್ನ ಮೆಕ್ಕೆಜೋಳದ ಗಿರಣಿಯಲ್ಲಿ ಬೆಲ್ಟ್ ಸುತ್ತುವ ಗಾಲಿ, ಪುಲ್ಲಿ, ಒಡೆದು, ಚೂರು ಕುತ್ತಿಗೆಗೆ ಬಡಿದು, ಅವನ ತಂಗಿ ಪೊಕುವಾ ಸತ್ತಿದ್ದಳು. ಪುಲ್ಲಿ ಎರೆದವನು ಅವಳ ಸ್ವಂತ ಮಗ ಒಬಿರಿ.

"ನಾನೇ ಕೆಲ್ಸ ಕಲಿಸಿದ್ದು ಮೇಡಂ. ನೆಟ್ಟಗೆ ಕಲೀದೆ ಸ್ವಂತ ಕುಲುಮೆ ಹಾಕ್ದ. ಈಗ ಹೆತ್ತವಳನ್ನೇ ತಿಂದ್ಕೊಂಡ."

ಇನ್ಸ್‌ಪೆಕ್ಟರ್ ಡುಫಿಯೆ ಎಫ್‌ಐಆರ್ ಬರೆಸಿ, ಕಾನ್‌ಸ್ಟೆಬಲ್ ಫುಸೇನಿಯನ್ನು ಕರೆದುಕೊಂಡು ಗಿರಣಿಗೆ ಹೋದಳು. ಪಂಚನಾಮೆ ನಡೆಯಿತು. ಪುಲ್ಲಿ ಒಡೆದ ಜಾಗ ಸಕ್ಕರೆಯ ಹಾಗೆ ಹರಳು ಹರಳಾಗಿತ್ತು. ಬೆಲ್ಟ್ ಎಳೆಯುವ ಪುಲ್ಲಿಗೆ ಹಳೆಯ ಪಿಸ್ಟನ್ ಕರಗಿಸಬೇಕು. ಹಳೆ ಕಾರ್ಬ್ಯುರೇಟರ್‌ಗಳ ಸತು ಅದಕ್ಕೆ ಬೆರೆತರೆ ಕೆಟ್ಟಿತು, ಲೋಹ ಪೆಡಸಾಗಿ ಬಿರಿಯುತ್ತದೆ. ಸುಆಮೆಯಲ್ಲಿ ಇದು ಸೂಪು ಮಾರುವವಳಿಗೂ ಗೊತ್ತು.

ಮಧ್ಯಾಹ್ನಕ್ಕೆ ಒಬಿರಿ ಲಾಕಪ್ಪಿನಲ್ಲಿದ್ದ. ಶನಿವಾರ ಮಣ್ಣು, ತಾಯಿಯನ್ನು ಕೊಂದವನು ಗುಂಡಿಯ ಹತ್ತಿರ ಬರಕೂಡದೆಂದು ನೆಂಟರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

"ಏನು ಕರಗಿಸಿದೆ?" ಡುಫಿಯೆ ಕೇಳಿದಳು.

"ಮಾವ ಕೊಟ್ಟ ಲೋಹದ ಗಟ್ಟಿಗಳು."

"ಒಂದನ್ನ ಮುರಿದು ನೋಡಲಿಲ್ವಾ?"

"ಎಂಥಾ ಮಾತು ಮೇಡಂ! ಕೆಲ್ಸ ಮುಗಿಸಿ ಹೊರಡುವಾಗ ಗುರು ಹರಸಿ ಕೊಡೋ ಲೋಹ ಅದು. ಮೊದಲ ಎರಕ ಅದರಲ್ಲೇ ಆಗ್ಬೇಕು, ಅದು ಅವ್ವನಿಗೇ ಹೋಗ್ಬೇಕು. ಮುರಿದು ನೋಡಿದ್ರೆ ಗುರು ಮುಖಕ್ಕೆ ಉಗಿದ ಹಾಗೆ. ಎಲ್ರೂ ಅಡುಗೆ ಪಾತ್ರೆ ಎರೀತಾರೆ. ಅವ್ವನ ಪುಲ್ಲಿ ಸವೆದಿತ್ತು. ಅದನ್ನೇ ಎರೆದೆ."

"ಸಿಕ್ಕಿಬಿದ್ದ ಮೇಲೆ ಎಲ್ರಿಗೂ ಒಬ್ಬ ಮಾವ ಇರ್ತಾನೆ" ಎಂದು ಫುಸೇನಿ ಗೊಣಗಿದ.

ಆದರೂ ಹುಡುಕಿದರು. ಒಬಿರಿಯ ಕುಲುಮೆಯ ಪಕ್ಕ ಎರಡು ಗಟ್ಟಿ ಉಳಿದಿದ್ದವು. ಮೀನಿನ ತಗಡಿನ ಡಬ್ಬಿಯನ್ನೇ ಅಚ್ಚು ಮಾಡಿ ಎರೆದವು, ತಳದಲ್ಲಿ ಒಂದು ನೆಗ್ಗಿನ ಗುರುತು. ಫುಸೇನಿ ಸುತ್ತಿಗೆ ಬೀಸಿದ. ಒಳಗೆ ಅದೇ ಸಕ್ಕರೆ ಹರಳು. ಅದೇ ನೆಗ್ಗಿದ ಡಬ್ಬಿ ಡೊಂಕೊರ್‌ನ ಶೆಡ್ಡಿನಲ್ಲಿ ಸಿಕ್ಕಿತು. ಅಲ್ಲಿ ಪಿಸ್ಟನ್ ಒಂದು ಕಡೆ, ಪಾತ್ರೆ ಒಂದು ಕಡೆ, ಕಾರ್ಬ್ಯುರೇಟರ್ ದೂರದ ಮೂಲೆಯಲ್ಲಿ. ಒಂದು ಚೂರೂ ಬೆರೆತಿರಲಿಲ್ಲ. ಇಂಥವನ ಕೈಯಲ್ಲಿ ತಪ್ಪಿ ಬೆರೆಯಿತು ಎಂದರೆ ಯಾರು ನಂಬುತ್ತಾರೆ?

ಬುಧವಾರ ಡುಫಿಯೆ ಮೂರು ಬಗೆಯ ಗುಜರಿಯನ್ನು ಡೊಂಕೊರ್‌ನ ಮುಂದೆ ಮೇಜಿನ ಮೇಲಿಟ್ಟಳು.

"ಪುಲ್ಲಿಗೆ ಯಾವುದು?"

ಅವನ ಕೈ ಪಿಸ್ಟನ್ ಮೇಲೆ ಹೋಯಿತು.

"ಅಳಿಯನಿಗೆ ಹರಸಿ ಕೊಟ್ಟಿದ್ದು?"

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಫುಸೇನಿ ಮುರಿದ ಗಟ್ಟಿಯನ್ನೂ ಡಬ್ಬಿಯನ್ನೂ ತಂದಿಟ್ಟ.

"ಪಾತ್ರೆ ಎರೀತಾನೆ ಅಂದ್ಕೊಂಡಿದ್ದೆ" ಎಂದ ಡೊಂಕೊರ್. "ಸೂಪು ಚೆಲ್ಲತ್ತೆ, ನಾಲ್ಕು ಜನ ನಗ್ತಾರೆ, ಅಷ್ಟೇ. ನಲವತ್ತು ವರ್ಷ ಬೆಂಕಿ ಮುಂದೆ ಬೆಂದಿದೀನಿ ಮೇಡಂ. ಗಿರಾಕಿಗಳು ನನ್ನ ಬಾಗಿಲಿಗೇ ಬಂದು, ನನ್ನನ್ನೇ, ಒಬಿರಿ ಇದಾನಾ ಅಂತ ಕೇಳೋರು."

"ಪುಲ್ಲಿ ಎರೆದದ್ದು ಗೊತ್ತಿತ್ತಾ?"

"ದಿನಾ ಬೆಳಿಗ್ಗೆ ಗಿರಣೀಲೇ ಕೆಂಕಿ ಕಡುಬು ತಿಂತಿದ್ದೆ. ತಂಗಿ ಬಿಸಿಬಿಸಿ ಬಡಿಸೋಳು. ಆ ಪುಲ್ಲಿ ತಿರುಗೋದನ್ನ ನೋಡ್ತಾ ಕೂರ್ತಿದ್ದೆ."

"ಬಿಚ್ಚಿ ಹಾಕು ಅಂತ ಒಂದು ಮಾತು ಹೇಳಕ್ಕಾಗ್ಲಿಲ್ವಾ?"

"ಹೇಳಿದ್ರೆ, ಯಾಕಣ್ಣಾ ಅಂತ ಕೇಳೋಳು."

ಥೂ, ಅಷ್ಟೇ ಕಾರಣ. ಅದೊಂದು ಪ್ರಶ್ನೆಗೆ ಅಂಜಿ ಒಡಹುಟ್ಟಿದವಳನ್ನು ಸಾಯಲು ಬಿಟ್ಟ. ಹೇಳಿಕೆ ಬರೆಸಿಕೊಂಡು ಅವನನ್ನು ಬಂಧಿಸಿದರು, ಒಬಿರಿಯನ್ನು ಬಿಟ್ಟರು.

ಶನಿವಾರ ಒಬಿರಿ ತಾಯಿಗೆ ಮಣ್ಣು ಹಾಕಿದ. ಇಲ್ಲಿ ಮಾವನ ಆಸ್ತಿ ತಂಗಿಯ ಮಗನಿಗೇ ಸೇರುವುದು. ಹಿರಿಯರು ಡೊಂಕೊರ್‌ನ ಶೆಡ್ಡಿನ ಬೀಗದ ಕೈಯನ್ನು ಅವನ ಅಂಗೈಗೆ ಹಾಕಿದರು. ಹೇಗಿದ್ದರೂ ಒಂದು ದಿನ ಎಲ್ಲ ಅವನದೇ ಆಗುತ್ತಿತ್ತು. ಸಂಜೆ ಅವನು ಠಾಣೆಗೆ ಬಂದು, ಬೀಗದ ಕೈಯನ್ನು ಮೇಜಿನ ಮೇಲಿಟ್ಟು, "ಮಾವನದು ಯಾವುದೂ ಬೇಡ ಮೇಡಂ" ಎಂದು ಹೊರಟುಹೋದ.