ಹಾರದೊಳಗಿನ ಸ್ಕೋರು

ಪಕ್ಕೀರಮ್ಮನ ಬಲಗಾಲಿನ ಹೆಬ್ಬೆರಳಿಗೆ ದಾರ ಸುತ್ತಿತ್ತು. ಮಡಿಲ ತುಂಬ ಮಲ್ಲಿಗೆ ಮೊಗ್ಗು. ಎಡಕ್ಕೆ ಕನಕಾಂಬರ, ಬಲಕ್ಕೆ ಮರುಗದ ಕಟ್ಟು. ಅರ್ಧ ಮೊಳ ಹಾರ ಆಗಲೇ ಬೆಳೆದಿತ್ತು. ಕಿವಿ ಮಾತ್ರ ಗೂಡಿನಲ್ಲಿದ್ದ ರೇಡಿಯೋ ಕಡೆಗೇ ಇತ್ತು.

"ಹೊಡದ ನೋಡು! ಚೌಕಾ!" ಎಂದು ಕೂಗಿ ಒಂದು ಚಿಟಿಕೆ ಕನಕಾಂಬರ ಎತ್ತಿಕೊಂಡಳು.

"ಅವ್ವಾ!" ಮಗಳು ಕ್ರಾಂತಿ ಓಡಿ ಬಂದಳು. "ಮ್ಯಾಚ್ ಹಾರದಾಗ ಬರಬಾರದು ಅಂತ ಹೇಳಿಲ್ಲೇನು?"

"ಇಲ್ಲ ಬಿಡವ್ವಾ. ಹಂಗ ಕೈಗೆ ಬಂತು, ಇಟ್ಟೆ."

ಹಂಗ ಬಂದದ್ದಲ್ಲ ಎಂದು ಕ್ರಾಂತಿಗೆ ಗೊತ್ತು. ಎರಡೂ ಕೈ ಹೂವಿನಲ್ಲಿದ್ದರೆ ಸ್ಕೋರು ಬರೆದುಕೊಳ್ಳುವುದು ಹೇಗೆ? ಅದಕ್ಕೆ ಅವ್ವ ಒಂದು ಉಪಾಯ ಕಂಡುಕೊಂಡಿದ್ದಳು. ಬೌಂಡರಿ ಬಂದರೆ ಕನಕಾಂಬರ. ಯಾರಾದರೂ ಔಟಾದರೆ ಮರುಗ. ಅಂಗಡಿಗೆ ಕಟ್ಟುವುದು ಬರೀ ಮಲ್ಲಿಗೆ, ಅದರಲ್ಲಿ ಈ ಆಟ ನಡೆಯುತ್ತಿರಲಿಲ್ಲ. ಮನೆಯ ಫೋಟೋಗಳ ಮಾಲೆ ನೋಡಿದರೆ ಮಾತ್ರ ಹಿಂದಿನ ಮ್ಯಾಚು ಸೋತೆವೋ ಗೆದ್ದೆವೋ ಗೊತ್ತಾಗುತ್ತಿತ್ತು.

ಅವ್ವನಿಗೆ ಕಾಮೆಂಟ್ರಿಯ ಹಿಂದಿ ಅಷ್ಟಿಷ್ಟು ತಿಳಿಯುತ್ತಿತ್ತು. ಇಂಗ್ಲಿಷ್ ಬಂದಾಗ ಜನರ ಕೂಗು ಕೇಳಿಯೇ ಅರ್ಥ ಮಾಡಿಕೊಳ್ಳುತ್ತಿದ್ದಳು. "ನಾ ಒಂದೀಟು ಇಂಗ್ಲಿಷ್ ಕಲಿತಿದ್ರ, ಆ ಕ್ಯಾಪ್ಟನ್‌ಗ ಕಾಗದ ಬರೀತಿದ್ದೆ" ಎನ್ನುತ್ತಿದ್ದಳು.

ಆದರೆ ಇದು ಮನೆಯ ಮಾಲೆ ಅಲ್ಲ. ನಾಳೆ ಶಾಲೆಯಲ್ಲಿ ಬಹುಮಾನ ಕೊಡುವ ಫಂಕ್ಷನ್. ಅತಿಥಿಗೆ ಹಾಕುವ ಹಾರದ ತಟ್ಟೆ ಹಿಡಿದು ಸ್ಟೇಜ್ ಹತ್ತುವವಳು ಕ್ರಾಂತಿ. "ನಿಮ್ಮವ್ವನ ಕೈಯಾಗಿನ ಹಾರ ತರಬೇಕು ನೋಡು" ಎಂದು ಉಜ್ಜಿನಪ್ಪ ಮೇಷ್ಟ್ರು ಎಲ್ಲರೆದುರು ಹೇಳಿದ್ದರು.

"ಎರಡೂ ಕಡೆ ಸಮ ಬರಬೇಕವ್ವಾ. ಆಣೆ ಮಾಡು."

"ಆಣಿ. ಹೋಗು ನೀನು."

ಕ್ರಾಂತಿ ಯೂನಿಫಾರ್ಮ್ ಇಸ್ತ್ರಿ ಮಾಡಿಸಲು ಹೋದಳು. ಅಲ್ಲಿ ಗಿರಾಕಿಗಳ ಸಾಲು ಇತ್ತು. ತಿರುಗಿ ಬರುವಷ್ಟರಲ್ಲಿ ಹಾರ ಮುಗಿದಿತ್ತು. ಒಂದು ಕಡೆ ಪೂರಾ ಕೇಸರಿ. ಇನ್ನೊಂದು ಕಡೆ ಪೂರಾ ಹಸಿರು.

"ಇದೇನಿದು?"

ಅವ್ವ ತಲೆ ತಗ್ಗಿಸಿದಳು. "ಮೊದಲು ಚಲೋನ ಹೊಡದ್ರು. ಆಮ್ಯಾಲ ಸಾಲಾಗಿ ಔಟಾಗಿ ಹೋದ್ರು, ಹೇಡಿಗಳು."

"ಅವ್ವಾ!"

"ನಾ ಏನು ಮಾಡ್ಲಿ? ಅವ್ರು ಸಮ ಆಡಿದ್ರ ಹಾರನೂ ಸಮ ಬರ್ತಿತ್ತು."

ಒಂದು ಮೊಗ್ಗೂ ಉಳಿದಿರಲಿಲ್ಲ. ಹಾರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರು. ಅಪ್ಪ ಬಂದು ಇಣುಕಿ ನೋಡಿ, "ಎಷ್ಟಕ್ಕ ಆಲೌಟ್?" ಎಂದ. ಕ್ರಾಂತಿ ಆ ದಿನ ಅಪ್ಪನ ಜೊತೆಗೂ ಮಾತಾಡಲಿಲ್ಲ.

ಮರುದಿನ ಅತಿಥಿಯಾಗಿ ಬಂದವರು ನಿವೃತ್ತ ಪೋಸ್ಟ್ ಮಾಸ್ಟರ್ ಬೆನಕಪ್ಪನವರು. ಹೆಡ್ ಮೇಷ್ಟ್ರು ಅವರ ಕೊರಳಿಗೆ ಹಾರ ಹಾಕಿದರು. ಬೆನಕಪ್ಪನವರು ಬಗ್ಗಿ ನೋಡಿಕೊಂಡರು. ಎಡಗಡೆ ಎಳೆದರು. ಬಲಗಡೆ ಎಳೆದರು. ಏನು ಮಾಡಿದರೂ ಒಂದು ಕಡೆ ಕೇಸರಿ, ಇನ್ನೊಂದು ಕಡೆ ಹಸಿರು.

"ನನ್ನ ಕೊರಳ ಸೊಟ್ಟ ಆತೇನು ಅನ್ಕೊಂಡೆ" ಎಂದರು ಅವರು ಮೈಕಿನಲ್ಲೇ.

ಹುಡುಗರು ಹೋ ಎಂದು ನಕ್ಕರು. ಕ್ರಾಂತಿ ತಟ್ಟೆ ಹಿಡಿದು ಕೆಳಗಿಳಿದಳು. ಮೆಟ್ಟಿಲ ಹತ್ತಿರ ಉಜ್ಜಿನಪ್ಪ ಮೇಷ್ಟ್ರು ನಿಂತಿದ್ದರು.

"ಏನವಾ ಕ್ರಾಂತಿ, ಇದು ನಿಮ್ಮವ್ವ ಕಟ್ಟಿದ್ದೇನು?"

"ಅಲ್ಲ ಸಾರ್" ಎಂದಳು ಕ್ರಾಂತಿ. "ಅವ್ವಗ ಟೈಮ್ ಸಿಗಲಿಲ್ಲ. ಪ್ಯಾಟ್ಯಾಗ ತಂದ್ವಿ."

"ಅದಕ್ಕ! ನಿಮ್ಮವ್ವನ ಕೈ ಹಿಂಗಿಲ್ಲ ಅಂತ ನನಗ ಗೊತ್ತಿತ್ತು."

ಕ್ರಾಂತಿ ತಿರುಗಿದಳು. ಹೆಂಗಸರ ಸಾಲಿನಲ್ಲಿ, ನಾಲ್ಕೇ ಹೆಜ್ಜೆ ದೂರದಲ್ಲಿ ಅವ್ವ ಕೂತಿದ್ದಳು. ಹೊಸ ಸೀರೆ ಉಟ್ಟುಕೊಂಡಿದ್ದಳು. ಅವಳು ಸೆರಗು ಸರಿ ಮಾಡಿಕೊಂಡು ಸ್ಟೇಜ್ ಕಡೆ ನೋಡತೊಡಗಿದಳು.

ಮನೆಗೆ ಬಂದ ಮೇಲೆ ಅವ್ವ ಬೈಯಲಿಲ್ಲ. "ತಟ್ಟಿ ವಾಪಸ್ ತಂದಿ ಇಲ್ಲೋ?" ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಕ್ರಾಂತಿಗೆ ಅನ್ನಿಸಿತು.

ಮುಂದಿನ ಭಾನುವಾರ ಮತ್ತೆ ಮ್ಯಾಚ್. ಅವ್ವ ನಿಶ್ಚಿತಾರ್ಥದ ಮನೆಯವರಿಗೆ ಹಾರ ಕಟ್ಟುತ್ತಿದ್ದಳು. ರೇಡಿಯೋ ಸುಮ್ಮನಿತ್ತು.

"ಮ್ಯಾಚ್ ಐತಲ್ಲವ್ವಾ?"

"ಇರಲಿ. ಹಾರ ಸಮ ಬರಬೇಕು."

ಹಾರ ಸಮವಾಗಿಯೇ ಇತ್ತು. ಸ್ಕೇಲ್ ಇಟ್ಟು ಅಳೆಯಬಹುದಿತ್ತು. ಪಕ್ಕದ ಮನೆ ಕೆಂಚಕ್ಕನ ಟಿವಿಯಿಂದ ದೊಡ್ಡ ಕೂಗು ಕೇಳಿತು. ಅವ್ವನ ಕೈ ದಾರದ ಮೇಲೆ ನಿಂತಿತು. ಆಮೇಲೆ ಮತ್ತೆ ಎರಡು ಮೊಗ್ಗು ಎತ್ತಿಕೊಂಡಿತು. ಅವಳು ಬಸ್ಸು ತಪ್ಪಿಸಿಕೊಂಡವರ ಹಾಗೆ ಕಾಣುತ್ತಿದ್ದಳು.

ಕ್ರಾಂತಿ ಎದ್ದು ರೇಡಿಯೋ ಹಚ್ಚಿದಳು. ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆ ತೆಗೆದು ಅವ್ವನ ಪಕ್ಕ ಕೂತಳು.

"ಸ್ಕೋರ್ ನಾ ಬರೀತೀನಿ. ನೀ ಕಟ್ಟು."

ಅವ್ವ ಅವಳನ್ನು ಒಂದು ಗಳಿಗೆ ನೋಡಿದಳು. "ಔಟಾದ್ರ ಬರೀಬ್ಯಾಡ" ಎಂದಳು.

"ಅದೆಂಗ ಆಕ್ಕೈತಿ? ಸುಳ್ಳು ಬರದಂಗ ಆಗಲ್ಲೇನು?"

ಹೇಳಿಬಿಟ್ಟ ಮೇಲೆ ಕ್ರಾಂತಿಯ ಕಿವಿ ಬಿಸಿಯಾದವು. ಅವ್ವ ಮಲ್ಲಿಗೆ ಆರಿಸುತ್ತ ಕೂತಳು.

ಕ್ರಾಂತಿ ಬರೆಯತೊಡಗಿದಳು. ಎರಡು, ಒಂದು, ನಾಲ್ಕು. ಬರೆಯುತ್ತಲೇ ನಾಳೆ ಬೆಳಗ್ಗೆ ಎಷ್ಟು ಗಂಟೆಗೆ ಮನೆ ಬಿಡಬೇಕು ಎಂದು ಯೋಚಿಸಿದಳು. ಉಜ್ಜಿನಪ್ಪ ಮೇಷ್ಟ್ರು ಪ್ರಾರ್ಥನೆಗೆ ಮೊದಲು ಸ್ಟಾಫ್ ರೂಮಿನಲ್ಲಿ ಒಬ್ಬರೇ ಇರುತ್ತಾರೆ. ಆದರೆ ಆಗ ಬೇಡ. ಕ್ಲಾಸಿನಲ್ಲಿ, ಹಾಜರಿ ಕೂಗುವಾಗ, ಆ ಹಾರ ಅವ್ವನೇ ಕಟ್ಟಿದ್ದು ಎಂದು ಎದ್ದು ನಿಂತೇ ಹೇಳಬೇಕು. ಎಲ್ಲರೂ ಕೇಳಿಸಿಕೊಳ್ಳಲಿ.

"ಎಷ್ಟಾತು?" ಎಂದಳು ಅವ್ವ.

ಕ್ರಾಂತಿ ಬೆರಳಿಟ್ಟು ಎಣಿಸಿದಳು.