ಮೂರನೇ ಮಹಡಿ ಖಾಲಿ

ಕೆಡವಬೇಕಾದ ಹಳೇ ಕಟ್ಟಡಗಳನ್ನು ಹತ್ತಿಳಿದು, ಒಳಗೆ ಯಾರೂ ಇಲ್ಲವೆಂದು ಸಹಿ ಹಾಕುವುದು ನನ್ನ ಕೆಲಸ. ಅಂಥದೊಂದು ಕಟ್ಟಡದಲ್ಲಿ ಎರಡು ಮಹಡಿ ನೋಡಿ ಸುಸ್ತಾಗಿ, ಮೂರನೆಯದಕ್ಕೆ ಮೆಟ್ಟಿಲ ಮೇಲೆ ಕೂತೇ 'ಖಾಲಿ' ಎಂದು ಬರೆದಿದ್ದೆ.

ಕೆಡವುವ ಬೆಳಿಗ್ಗೆ ಮೇಸ್ತ್ರಿ ನಕ್ಕ: "ಸಾರ್, ನಿಮ್ಮ ಖಾಲಿ ಮನೆ ಕೆಮ್ತಾ ಇದೆ."

ಹತ್ತಿಹೋದೆ. ನೀರಿನ ಸಂಪರ್ಕ ಕತ್ತರಿಸಿ ವರ್ಷವಾಗಿತ್ತು. ಆದರೂ ಮೂರನೇ ಮಹಡಿಯ ನೆಲ ಆಗಷ್ಟೇ ಒರೆಸಿದಂತೆ ಒದ್ದೆಯಾಗಿತ್ತು. ಗೋಡೆಗೆ ಕೈಯೂರಿದೆ. ಜ್ವರದ ಮೈಯಂತೆ ಸುಡುತ್ತಿತ್ತು. ಒಳಕೋಣೆಯಿಂದ ಮುದುಕಿಯೊಬ್ಬಳ ದನಿ ಬಂತು: "ನಿಧಾನ ಬಾರಪ್ಪ, ಜಾರೀತು."

ನಾನು ಒಳಗೆ ಇಣುಕಲಿಲ್ಲ. ಅಲ್ಲಿ ಯಾರಾದರೂ ಇದ್ದರೆ ನನ್ನ ಸಹಿ ಸುಳ್ಳಾಗುತ್ತಿತ್ತು, ಕೆಲಸ ಹೋಗುತ್ತಿತ್ತು. ಇಳಿದು ಬಂದು, "ಯಾರೂ ಇಲ್ಲ ಕಣಯ್ಯ, ಶುರುಮಾಡು," ಅಂದೆ.

ಅವಶೇಷಗಳಲ್ಲಿ ಯಾರೂ ಸಿಗಲಿಲ್ಲ. ಹುಡುಕಿ ಎಂದು ನಾನು ಯಾರಿಗೂ ಹೇಳಿರಲೂ ಇಲ್ಲ.