ಮೂರನೇ ಮನೆ

‘ಘಕ್’ ಅಂತ ಕೆಮ್ಮಿ ಬೈಕು ಮತ್ತೆ ನಿಂತಿತು.

“ಮೂರು,” ಅಂದಳು ಹಿಂದಿನ ಸೀಟಿನಲ್ಲಿ ಕೂತಿದ್ದ ಯಶೋಧಾ.

“ಎಣಿಸಬೇಡ ಕಣಮ್ಮ. ಎಣಿಸಿದ್ರೆ ಅದಕ್ಕೆ ಇನ್ನೂ ಕೊಬ್ಬು,” ಅಂದ ಅಪ್ಪ ಶಿವರಾಮು, ಕಿಕ್ ಹೊಡೆಯುತ್ತಾ.

ಜನವರಿ ಚಳಿ. ಮಂಡಕಳ್ಳಿಯ ಮನೆಯಿಂದ ಹೊರಟು ಬಂಡಿಪಾಳ್ಯ ದಾಟುವಷ್ಟರಲ್ಲಿ ಮೂರು ಸಲ ನಿಂತಿತ್ತು. ಮಂಜಿನಲ್ಲಿ ಅಷ್ಟು ದೊಡ್ಡ ಚಾಮುಂಡಿ ಬೆಟ್ಟವೇ ನಾಪತ್ತೆ. ಬೈಕು ಸ್ಟಾರ್ಟೇನೋ ಆಗುತ್ತಿತ್ತು. ಆದರೆ ಅಪ್ಪ ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಉಸಿರು ಕಟ್ಟಿದಂತೆ ಒದ್ದಾಡುತ್ತಿತ್ತು. ವಿದ್ಯಾರಣ್ಯಪುರಂ ಹತ್ತಿರ ಬಿಸಿಲು ಬಂದು, ಇಂಜಿನ್ನೂ ಬಿಸಿಯಾದ ಮೇಲೆ, ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು. ಅಲ್ಲಿಂದ ಒಂಟಿಕೊಪ್ಪಲಿನ ಸ್ಕೂಲಿಗೆ ಇನ್ನೂ ಅರ್ಧ ಊರು ದಾಟಬೇಕು.

ಯಶೋಧಾ ಮೈದಾನಕ್ಕೆ ಓಡಿಬಂದಾಗ ಪರೇಡ್ ಪ್ರಾಕ್ಟೀಸ್ ಅರ್ಧ ಮುಗಿದಿತ್ತು. ಪಿ.ಟಿ. ಮೇಷ್ಟ್ರು ನಂಜುಂಡಯ್ಯ ವಿಷಲ್ ಬಾಯಿಂದ ತೆಗೆದರು.

“ಗಣರಾಜ್ಯೋತ್ಸವಕ್ಕೆ ಬಾವುಟ ಹಿಡಿಯೋಳು ನೀನು. ನಿನ್ನ ಹಿಂದೆ ನಲವತ್ತು ಜನ ನಡೀಬೇಕು. ಅವರೆಲ್ಲ ನಿನಗೆ ಕಾಯ್ತಾ ಕೂರಬೇಕಾ?”

“ಬೈಕು ಕೆಟ್ಟೋಯ್ತು ಸಾರ್.”

“ದಿನಾ ಅದೇ. ನಾಳೆ ಏಳೂವರೆಗೆ ನೀನಿಲ್ಲಿ ಇರ್ಲಿಲ್ಲ ಅಂದ್ರೆ ಬಾವುಟ ಧನುಶ್ರೀಗೆ.”

ಎರಡನೇ ಸಾಲಿನಲ್ಲಿದ್ದ ಧನುಶ್ರೀ ತನ್ನ ಸಾಕ್ಸನ್ನು ಸರಿಯಾಗಿ ಮೇಲೆಳೆದುಕೊಂಡಳು.

ಡೈರಿಯಲ್ಲಿ ಕೆಂಪು ಇಂಕಿನಲ್ಲಿ ‘ತಡವಾಗಿ ಬಂದಿದ್ದಾಳೆ’ ಅಂತ ಬಿತ್ತು. ಈ ವಾರ ಇದು ನಾಲ್ಕನೆಯದು. ಹಿಂದಿನ ಮೂರಕ್ಕೂ ಅಪ್ಪ ಓದದೆ ಸೈನ್ ಹಾಕಿದ್ದ. “ಓದಪ್ಪ” ಅಂದರೆ, “ಆಮೇಲೆ ಓದ್ತೀನಿ, ಪೆನ್ನು ಕೊಡು” ಅಂದಿದ್ದ. ಆ ‘ಆಮೇಲೆ’ ಇನ್ನೂ ಬಂದಿರಲಿಲ್ಲ. ತಾನು ತಡವಾಗಿ ಹೋದರೂ ಒಂದೇ, ಹೋಗದಿದ್ದರೂ ಒಂದೇ ಅಪ್ಪನಿಗೆ ಅಂತ ಅವಳಿಗೆ ಸಿಟ್ಟು.

ಅದಕ್ಕೇ ಆ ಸಂಜೆ ಅವಳು ಡೈರಿಯನ್ನು ಹೊರಗೆ ತೆಗೆಯಲೇ ಇಲ್ಲ. ಅಪ್ಪ ಕಾರ್ಖಾನೆಯಿಂದ ಬಂದು ಕಾಫಿ ಕುಡಿದು ಲೋಟ ಕೆಳಗಿಡುವುದನ್ನೇ ಕಾದಿದ್ದು ಸ್ಪ್ಯಾನರ್ ಡಬ್ಬ ತಂದು ಮುಂದಿಟ್ಟಳು.

“ಅಪ್ಪ, ಬೈಕು ಬಿಚ್ಚು.”

“ಅದಕ್ಕೇನಾಗಿದೆ? ಮೈಸೂರಲ್ಲೇ ಹುಟ್ಟಿದ ಬೈಕು. ಮೈಸೂರು ಚಳಿಗೆ ಎದರ್ತದಾ?”

“ಎದರ್ತಾ ಇದೆಯಲ್ಲ! ನಾಳೆ ಲೇಟಾದ್ರೆ ಬಾವುಟ ಧನುಶ್ರೀಗಂತೆ. ಬಿಚ್ಚು.”

ಒಳಗಿನಿಂದ ಅಜ್ಜಿ ಪುಟ್ಟಲಿಂಗಮ್ಮ, “ಬಿಚ್ಚೋ, ಇಲ್ದಿದ್ರೆ ಇವಳೇ ಬಿಚ್ತಾಳೆ” ಅಂದರು.

ಮದುವೆಗೆ ಮುಂಚೆ ಅಪ್ಪ ವಿದ್ಯಾರಣ್ಯಪುರಂನ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಬೈಕಿನ ವಿಷಯ ಬಂದರೆ ಅವನ ಬಾಯಿ ನಿಲ್ಲುವುದಿಲ್ಲ. ಜಗಲಿಯ ಬಲ್ಬಿನ ಕೆಳಗೆ ಕೂತು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಮುಚ್ಚಳ ತಿರುಗಿಸುತ್ತಲೇ ಪಾಠ ಶುರುವಾಯಿತು.

“ಚಳೀಲಿ ಗಾಳಿ ಗಟ್ಟಿ ಆಯ್ತದೆ. ಗಾಳಿ ಜಾಸ್ತಿ ಒಳಕ್ಕೋಯ್ತದೆ, ಪೆಟ್ರೋಲ್ ಮಾತ್ರ ಅಷ್ಟೇ. ಸಾರಿಗೆ ನೀರು ಜಾಸ್ತಿ ಆದಂಗೆ. ಅದಕ್ಕೇ ಕೆಮ್ಮೋದು.”

“ಹಂಗಾದ್ರೆ ಪೆಟ್ರೋಲ್ ಜಾಸ್ತಿ ಮಾಡು.”

“ಮಾಡಿದೀನಿ ಕಣೇ! ಪೆಟ್ರೋಲ್ ಬರೋದು ಜೆಟ್ ಅನ್ನೋ ಸಣ್ಣ ತೂತಿಂದ. ಈ ಸೂಜಿ ಅದರೊಳಗೆ ಇಳಿದಿರ್ತದೆ. ಸೂಜಿ ಮೇಲಕ್ಕೆದ್ರೆ ತೂತು ಬಿಡುವಾಗಿ ಪೆಟ್ರೋಲ್ ಜಾಸ್ತಿ ಬತ್ತದೆ. ನೋಡು, ಸೂಜಿ ತಲೆ ಹತ್ರ ಐದು ಗೀರು. ಚೌಕಾಬಾರ ಆಟದ ತರ ನಾವು ಮನೆ ಅಂತೀವಿ. ಯಾವುದಾದ್ರೂ ಒಂದು ಮನೇಲಿ ಕ್ಲಿಪ್ ಕೂರ್ತದೆ. ಕ್ಲಿಪ್ ಒಂದು ಮನೆ ಕೆಳಕ್ಕಿಳಿದ್ರೆ ಸೂಜಿ ಒಂದು ಮನೆ ಮೇಲಕ್ಕೆ.”

“ಇಳಿಸಿದ್ರೆ ಏರತ್ತಾ?”

“ಊಂ. ಮೇಲಿಂದ ಎಣಿಸ್ಕೊಂಡು ಬೇಸಿಗೇಲಿ ಎರಡನೇ ಮನೆ, ಚಳೀಲಿ ಮೂರನೇ ಮನೆ. ದೀಪಾವಳಿ ದಿನಾನೇ ಮೂರಕ್ಕಾಕಿದೀನಿ.”

ಅಪ್ಪ ಸೂಜಿಯನ್ನು ತೋಳು ಉದ್ದ ಚಾಚಿ ಬಲ್ಬಿಗೆ ಹಿಡಿದ. ಕಣ್ಣು ಕಿರಿದು ಮಾಡಿದ. “ಒಂದು, ಎರಡು, ಮೂರು. ಸರಿಯಾಗೇ ಅದೆ.”

ಯಶೋಧಾ ಹತ್ತಿರ ಹೋಗಿ ನೋಡಿದಳು. ಕ್ಲಿಪ್‌ನ ಮೇಲೆ ಒಂದೇ ಗೀರು, ಕೆಳಗೆ ಮೂರು.

“ಎರಡನೇ ಮನೇಲಿದೆ ಅಪ್ಪ.”

“ಓಗೇ. ಇಪ್ಪತ್ತು ವರ್ಷದಿಂದ ಮಾಡ್ತಿದೀನಿ, ನಂಗೊತ್ತಿಲ್ವಾ?”

“ಬೇರೆ ಮನೆಗೆ ಹಾಕಿ ನೋಡು, ನಾಳೆ ಒಂದು ದಿನ.”

ಅವಳು ಬಿಡುವ ಹಾಗೆ ಕಾಣಲಿಲ್ಲ. ಅಪ್ಪ ಗೊಣಗುತ್ತಾ ಉಗುರಿನಿಂದ ಕ್ಲಿಪ್ ಮೀಟಿದ. ‘ಟಿಣ್’ ಅಂತ ಅದು ಹಾರಿಯೇ ಹೋಯಿತು.

ಇಬ್ಬರೂ ಗಾಬರಿಯಾದರು. ಅಕ್ಕಿಕಾಳಿಗಿಂತ ಚಿಕ್ಕ ಕ್ಲಿಪ್ಪು. ಅದಿಲ್ಲದೆ ಸೂಜಿ ನಿಲ್ಲುವುದಿಲ್ಲ, ಬೈಕು ಓಡುವುದಿಲ್ಲ. ಬೆಳಗಾಗುವುದರೊಳಗೆ ಯಾವ ಅಂಗಡಿಯೂ ತೆರೆಯುವುದಿಲ್ಲ. ಬಾವುಟ ಹಿಡಿದು ನಡೆಯುವ ಧನುಶ್ರೀ ಯಶೋಧಾಳ ಕಣ್ಣಮುಂದೆ ಬಂದಳು.

ಅಪ್ಪ ಮಂಡಿಯೂರಿ ಅಂಗೈಯಿಂದ ನೆಲ ಸವರತೊಡಗಿದ. ಯಶೋಧಾ ಬಗ್ಗಿದಳು. ಅಪ್ಪನ ಹೆಬ್ಬೆರಳ ಪಕ್ಕದಲ್ಲೇ ಕ್ಲಿಪ್ಪು ಮಿಣಮಿಣ ಹೊಳೆಯುತ್ತಿತ್ತು.

ಅಪ್ಪ ಅದನ್ನು ನೇರವಾಗಿ ನೋಡಿದ. ನೋಡಿ ಮುಂದಕ್ಕೆ ಸವರಿಕೊಂಡು ಹೋದ.

ಯಶೋಧಾ ಅಪ್ಪನ ಮುಖವನ್ನೇ ನೋಡಿದಳು. ಅಜ್ಜಿ ದಾರ ಪೋಣಿಸಲು ಸೂಜಿ ಕೊಟ್ಟರೆ “ಕೆಲಸ ಅದೆ” ಅಂತ ಎದ್ದು ಹೋಗುವ ಅಪ್ಪ. ಪೇಪರಿನಲ್ಲಿ ದಪ್ಪ ಅಕ್ಷರ ಮಾತ್ರ ಓದಿ ಮಡಿಸಿಡುವ ಅಪ್ಪ. “ಆಮೇಲೆ ಓದ್ತೀನಿ, ಪೆನ್ನು ಕೊಡು.” ಮನಸ್ಸಿನಲ್ಲಿದ್ದ ಸಿಟ್ಟು ಎಲ್ಲಿಗೆ ಹೋಯಿತೋ, ಅಯ್ಯೋ ಅನ್ನಿಸಿತು.

ಅವಳು ಮೆಲ್ಲಗೆ ಕ್ಲಿಪ್ ಎತ್ತಿಕೊಂಡಳು. ಬಾಗಿಲ ಹತ್ತಿರ ಹೋಗಿ ಕೂಗಿದಳು. “ಸಿಕ್ತು!”

“ಎಲ್ಲಿತ್ತೇ?”

“ಇಲ್ಲಿ, ಬಾಗಿಲ ಸಂದೀಲಿ. ಯಾರಿಗೂ ಕಾಣ್ತಿರ್ಲಿಲ್ಲ ಬುಡು.”

ಅಪ್ಪ ಕೈ ಚಾಚಿದ. ಅವಳು ಕೊಡಲಿಲ್ಲ.

“ನಾನೇ ಹಾಕ್ತೀನಿ. ನಂದು ಸಣ್ಣ ಬೆರಳು.”

ಮೊದಲ ಸಲ ಜಾರಿತು. ಎರಡನೇ ಸಲ ಬೆರಳ ತುದಿಗೆ ಚುಚ್ಚಿ ರಕ್ತ ಬಂತು. ಲಂಗಕ್ಕೆ ಒರೆಸಿಕೊಂಡು ಮತ್ತೆ ಎಣಿಸಿದಳು. ಒಂದು. ಎರಡು. ಮೂರು. ಹಲ್ಲು ಕಚ್ಚಿ ಒತ್ತಿದಳು. ‘ಕಟಕ್’ ಅಂತ ಕೂತಿತು.

ಬೆಳಗ್ಗೆ ಮಂಜು ಹಿಂದಿನ ದಿನಕ್ಕಿಂತ ಜೋರಾಗಿತ್ತು. ಮಂಡಕಳ್ಳಿ ಹಿಂದಾಯಿತು. ಬಂಡಿಪಾಳ್ಯ ಬಂತು, ಹೋಯಿತು. ಅಪ್ಪ ಆಕ್ಸಿಲರೇಟರ್ ತಿರುಗಿಸಿದಷ್ಟೂ ಬೈಕು ಗುಡುಗುಡು ಅಂತ ಮುಂದಕ್ಕೇ ನುಗ್ಗಿತು. ಯಶೋಧಾ ಅಪ್ಪನ ಸ್ವೆಟರ್ ಬಿಗಿಯಾಗಿ ಹಿಡಿದುಕೊಂಡಿದ್ದಳು.

“ಎಷ್ಟಾಯ್ತು?” ಅಂತ ಅಪ್ಪ ಗಾಳಿಯಲ್ಲಿ ಕೂಗಿದ.

“ಸೊನ್ನೆ!”

ಒಂಟಿಕೊಪ್ಪಲಿನವರೆಗೂ ಬೈಕು ಒಮ್ಮೆಯೂ ನಿಲ್ಲಲಿಲ್ಲ.

ಏಳು ಇಪ್ಪತ್ತಕ್ಕೆ ಅವಳು ಮೈದಾನದಲ್ಲಿದ್ದಳು. ನಂಜುಂಡಯ್ಯ ಮೇಷ್ಟ್ರು ವಾಚ್ ನೋಡಿದರು, ಅವಳನ್ನು ನೋಡಿದರು, ಬಾವುಟದ ಕೋಲನ್ನು ಅವಳ ಕೈಗೆ ಕೊಟ್ಟರು.

ಆ ಸಂಜೆ ಡೈರಿ ಹಿಡಿದು ಅಪ್ಪನ ಪಕ್ಕ ಕೂತವಳು, ಅವನು ಪೆನ್ನು ಕೇಳುವ ಮುಂಚೆಯೇ ಜೋರಾಗಿ ಓದಿದಳು. “‘ಯಶೋಧಾ ಇಂದು ಸಮಯಕ್ಕೆ ಸರಿಯಾಗಿ ಬಂದಿದ್ದಾಳೆ.’” ಆಮೇಲೆ ಹಿಂದಿನ ಪುಟ ತಿರುಗಿಸಿ ಆ ನಾಲ್ಕು ಕೆಂಪು ಸಾಲುಗಳನ್ನೂ ಓದಿದಳು, ಮೆಲ್ಲಗೆ.

“ಇಷ್ಟು ಸಲ ಬರೆದಿದ್ರಾ?” ಅಂದ ಅಪ್ಪ.

“ಊಂ.”

ಅಪ್ಪ ಬೈಕಿನ ಕಡೆಗೆ ನೋಡಿದ. “ಆ ಕ್ಲಿಪ್ಪು ಬಾಗಿಲ ಸಂದೀಲಿ ಇರ್ಲಿಲ್ಲ, ಅಲ್ವಾ?”

ಯಶೋಧಾ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.

“ಭಾನುವಾರ ನಂಜೊತೆ ಬರ್ತೀಯಾ?” ಅಂತ ಕೇಳಿದ ಅಪ್ಪ. “ಕಣ್ಣು ತೋರಿಸ್ಕೊಂಡ್ ಬರಾನ. ಬೋರ್ಡಲ್ಲಿರೋ ಅಕ್ಷರ ತಪ್ಪೇಳಿದ್ರೆ ನಗಬಾರ್ದು.”

“ನಗಲ್ಲ.”

ಅವಳು ಪೆನ್ನು ಕೊಟ್ಟಳು. ಸೈನ್ ಹಾಕಬೇಕಾದ ಜಾಗದಲ್ಲಿ ತನ್ನ ಬೆರಳಿಟ್ಟು ಹೇಳಿದಳು.

“ಇಲ್ಲಿ, ಅಪ್ಪ.”